ಅವ್ವನ ಬೆರಳಿನ ಕರೆ

ಇವತ್ತು ನಮ್ಮ ಬೆಟ್ಟದೂರು ಸೋಲೂರಿನಲ್ಲಿ ಬಸ್ಸಿಳಿದಾಗ ಹಸಿ ಚಹಾ ಎಲೆಯ ವಾಸನೆಯ ಜೊತೆಗೆ ಪೆಟ್ರೋಲ್ ವಾಸನೆಯೂ ಬಂತು. ಮೇಲಿನ ತೋಟದಲ್ಲಿ ಇಬ್ಬರು ಯಂತ್ರ ಹಿಡಿದು ಗಿಡಗಳ ತಲೆ ಬೋಳಿಸುತ್ತಿದ್ದರು. ಅದಕ್ಕೆ ಕುಡಿಯೂ ಒಂದೇ, ಬಲಿತ ಎಲೆಯೂ ಒಂದೇ.

ಅದೇ ತೋಟದಲ್ಲಿ ನಮ್ಮವ್ವ ಕೈಯಲ್ಲಿ ಎಲೆ ಕೊಯ್ಯುತ್ತಿದ್ದಳು. ಎರಡು ಎಲೆ, ಒಂದು ಕುಡಿ. ಮಾತಾಡುತ್ತಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ಎಲೆಯ ರಸಕ್ಕೆ ಆ ಬೆರಳುಗಳು ಕಪ್ಪಾಗಿ ಬಿರುಕುಬಿಟ್ಟಿದ್ದವು. ಮದುವೆಮನೆಗೆ ಹೊರಡುವ ಮುನ್ನ ಹುಣಸೆಹಣ್ಣು ಹಚ್ಚಿ ಉಜ್ಜುವಳು.

"ಲೀಫಿನ ಕರೆ ಕಣವ್ವ, ಸುಲಭಕ್ಕೆ ಹೋಗಲ್ಲ" ಎಂದು ನಗುವಳು.

ಒಮ್ಮೆ ನನ್ನ ಶಾಲೆಯ ಪೋಷಕರ ಸಭೆಗೆ ಬಂದಾಗ ಅವಳ ಕಿವಿಯಲ್ಲಿ ಹೇಳಿದೆ: "ಅವ್ವಾ, ಕೈ ಸೆರಗೊಳಗೆ ಇಟ್ಕೊ."

ಅಲ್ಲೇ ಎರಡೂ ಕೈ ಸೆರಗೊಳಗೆ ಇಟ್ಟುಕೊಂಡಳು. ಆಮೇಲೆ ನನ್ನ ಜೊತೆ ಎಲ್ಲಿಗೆ ಬಂದರೂ ಹಾಗೇ ಇಟ್ಟುಕೊಳ್ಳುತ್ತಿದ್ದಳು.

ಯಂತ್ರ ಬಂದ ಮೇಲೆ ತೋಟದ ಮೇಸ್ತ್ರಿ ಅವಳನ್ನು ಕೆಲಸಕ್ಕೆ ಕರೆಯುವುದು ನಿಲ್ಲಿಸಿದ. ಇವತ್ತು ನನ್ನ ತಮ್ಮನ ಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಕರೆ ಪೂರ್ತಿ ಹೋಗಿತ್ತು.

"ನೋಡು, ಈಗ ಎಷ್ಟು ಚೊಕ್ಕಟವಾಗವೆ" ಎಂದಳು.

ಹಾಗೆಂದು ಮೆಲ್ಲಗೆ ಕೈ ಬಿಡಿಸಿಕೊಂಡು, ಎರಡನ್ನೂ ಸೆರಗೊಳಗೆ ಇಟ್ಟುಕೊಂಡಳು.