ಯಾಶಿಕಾ ನೋಡುವ ಶಾಸ್ತ್ರ

ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯಲ್ಲಿ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟುಕೊಂಡಿರುವ ಷಡಕ್ಷರಿಯ ಹತ್ತಿರ ಹನ್ನೊಂದು ಹಳೇ ಕ್ಯಾಮೆರಾಗಳಿದ್ದವು. ಹನ್ನೊಂದರಲ್ಲಿ ಒಂದರಿಂದಲೂ ಅವನು ಒಂದೇ ಒಂದು ಫೋಟೋ ತೆಗೆದವನಲ್ಲ. ನಗುವುದಾದರೆ ಈಗಲೇ ನಕ್ಕುಬಿಡಿ, ಅವನ ಮುಂದೆ ಮಾತ್ರ ನಗಬೇಡಿ, ಪಾಪ, ಬಹಳ ನೊಂದುಕೊಳ್ಳುತ್ತಾನೆ.

ಅವನ ಲೆಕ್ಕಾಚಾರವೇ ಬೇರೆ. ರೀಲು ಹಾಕಿದರೆ ಫೋಟೋ ಬರುತ್ತದೆ. ಬಂದ ಮೇಲೆ ಕೆಟ್ಟದಾಗಿಯೂ ಬರಬಹುದು. ಜಪಾನಿನಲ್ಲೋ ಜರ್ಮನಿಯಲ್ಲೋ ಯಾರೋ ಪುಣ್ಯಾತ್ಮರು ಅಷ್ಟು ನಾಜೂಕಾಗಿ ಮಾಡಿಟ್ಟ ವಸ್ತುವಿಗೆ ತಾನು ಮೈಸೂರಿನಲ್ಲಿ ಕೂತು ಅವಮಾನ ಮಾಡುವುದೇ? ಛೆ! ಅದಕ್ಕೇ ಸಂಜೆ ಅಂಗಡಿ ಬಾಗಿಲೆಳೆದು ಮನೆಗೆ ಬಂದವನು ಒಂದೊಂದನ್ನೇ ಕೈಗೆತ್ತಿಕೊಂಡು, ಕೀಲಿ ತಿರುಗಿಸಿ, ಕಿವಿಗೆ ಹಿಡಿದು ಗುಂಡಿ ಒತ್ತುತ್ತಾನೆ. ಟಕ್. ಕಣ್ಣು ಮುಚ್ಚಿ ತಲೆದೂಗುತ್ತಾನೆ. ಆಮೇಲೆ ಮೃದುವಾದ ಬಟ್ಟೆಯಲ್ಲಿ ಒರೆಸಿ ಅಕ್ಕಿ ಡಬ್ಬದೊಳಗೆ ಹೂತಿಡುತ್ತಾನೆ. ಮಳೆಗಾಲದ ತಂಡಿಗೆ ಕ್ಯಾಮೆರಾದ ಗಾಜಿಗೆ ಬೂಷ್ಟು ಹಿಡಿಯುತ್ತದಂತೆ, ಅಕ್ಕಿ ತೇವ ಹೀರಿಕೊಳ್ಳುತ್ತದಂತೆ. ಅವನ ದೊಡ್ಡಮ್ಮ ದೇವಿರಮ್ಮ ದಿನಾ ಬೆಳಿಗ್ಗೆ ಮೊಣಕೈವರೆಗೆ ತೋಳು ತೂರಿಸಿ ಕ್ಯಾಮೆರಾಗಳನ್ನು ಅತ್ತಿತ್ತ ಸರಿಸಿ ಅನ್ನಕ್ಕೆ ಅಕ್ಕಿ ತೆಗೆಯಬೇಕು. ಒಂದು ಸಲ ಕ್ಯಾಮೆರಾ ಗಾಜಿಗೆ ಮುಚ್ಚುವ ಕರೀ ಮುಚ್ಚಳವೊಂದು ಅನ್ನದ ಜೊತೆ ಬೆಂದುಹೋಯಿತು. ಷಡಕ್ಷರಿ ಆ ಹೊತ್ತು ಊಟ ಬಿಟ್ಟ. ಸಿಟ್ಟಿಗಲ್ಲ, ದುಃಖಕ್ಕೆ.

ದೇವಿರಮ್ಮ ನಂಜನಗೂಡಿನ ಕಡೆಯ ಹಳ್ಳಿಯವರು. ತಂಗಿ ತೀರಿಕೊಂಡ ಮೇಲೆ ಅವಳ ಮಗುವನ್ನು ಸಾಕಲೆಂದು ಮೈಸೂರಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಆ ಮಗುವಿಗೆ ಈಗ ನಲವತ್ತು ದಾಟಿ ಕಿವಿಯ ಪಕ್ಕ ಬೆಳ್ಳಗಾಗಿದೆ. ಇವನಿಗೊಂದು ಮದುವೆ ಮಾಡುವುದೊಂದೇ ಅವರ ಆಸೆ. ಮಾಡದ ಪ್ರಯತ್ನವಿಲ್ಲ. ಹಿಂದೊಮ್ಮೆ ಟಿ. ನರಸೀಪುರದಲ್ಲಿ ಹೆಣ್ಣು ನೋಡಲು ಹೋದಾಗ ಎಲ್ಲವೂ ಕೂಡಿಬಂದಿತ್ತು. ಹುಡುಗಿ ಕಾಫಿ ತಂದು ಎದುರು ನಿಂತಿದ್ದಾಳೆ, ಈ ಮಹಾರಾಯ ಅವಳ ತಲೆಯ ಮೇಲಿಂದ ಬೀರುವಿನ ಮೇಲಿದ್ದ ಒಂದು ಚರ್ಮದ ಕ್ಯಾಮೆರಾ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದಾನೆ. ಕೊನೆಗೆ ಬಾಯಿಬಿಟ್ಟು ಕೇಳಿದ್ದೂ ಒಂದೇ ಮಾತು, "ಅದನ್ನ ಕೊಡ್ತೀರಾ?" ಹುಡುಗಿಯ ಅಪ್ಪ ವರದಕ್ಷಿಣೆ ಕೇಳುತ್ತಿದ್ದಾನೆಂದು ತಿಳಿದು ಎದ್ದು ನಿಂತರು. ಮುಂದಿನದು ಹೇಳುವುದು ಬೇಡ, ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಹಳೇ ಕ್ಯಾಮೆರಾ ಹುಚ್ಚಿನವರದ್ದೇ ಒಂದು ವಾಟ್ಸಾಪ್ ಗುಂಪಿದೆ. ಬೆಳಗಾದರೆ ದೇವರ ಚಿತ್ರದ ಬದಲು ಕ್ಯಾಮೆರಾದ ಚಿತ್ರ ಹಾಕುತ್ತಾರೆ, ಆ ಚಿತ್ರ ತೆಗೆಯುವುದು ಮೊಬೈಲಿನಲ್ಲಿ. ಕಳೆದ ಅವರೆಕಾಯಿ ಕಾಲದಲ್ಲಿ ಆ ಗುಂಪಿನಲ್ಲಿ ಒಂದರ ಕೆಳಗೊಂದು ಎರಡು ಕಣ್ಣಿರುವ, ಯಾಶಿಕಾ ಎಂಬ ಜಪಾನಿ ಕ್ಯಾಮೆರಾವೊಂದು ಕಾಣಿಸಿಕೊಂಡಿತು. ಲಕ್ಷ್ಮೀಪುರಂನ ಚಿಕ್ಕಬಸವಯ್ಯ ಎಂಬ ಹಳೇ ಸ್ಟುಡಿಯೋದವರದ್ದು. ಅವರು ಅದನ್ನು ಮಾರುವುದಿಲ್ಲವಂತೆ, ಯೋಗ್ಯರು ಸಿಕ್ಕರೆ ಸುಮ್ಮನೆ ಕೊಟ್ಟುಬಿಡುತ್ತಾರಂತೆ. ಆದರೆ ಮನೆಗೆ ಬರಬೇಕು, ಬಂದವರನ್ನು ಅವರು ನೋಡಬೇಕು. ಷಡಕ್ಷರಿಗೆ ಅಂದಿನಿಂದ ಅನ್ನ ಸೇರದು, ನಿದ್ದೆ ಬಾರದು. ಅದು ತನಗೇ ಸಿಗಬೇಕು, ಸಿಗದಿದ್ದರೆ ಬದುಕಿ ಏನು ಸುಖ ಅನ್ನುವಷ್ಟಕ್ಕೆ ಬಂದುಬಿಟ್ಟ.

ದೇವಿರಮ್ಮ ಹಜಾರದಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಇವನು ಫೋನಿನಲ್ಲಿ ಗೋಗರೆಯುವುದು ಕಿವಿಗೆ ಬಿತ್ತು.

"ಸಾರ್, ಯಾಶಿಕಾ ಇನ್ನೂ ಮನೇಲೇ ಇದೆ ತಾನೇ? ಬೇರೆ ಯಾರಾದ್ರೂ ನೋಡ್ಕೊಂಡು ಹೋದ್ರಾ? ಅವರಿಗೆ ಮಾತು ಕೊಡಬೇಡಿ ಸಾರ್. ನಾನು ಚೆನ್ನಾಗಿ ನೋಡ್ಕೋತೀನಿ. ಭಾನುವಾರ ಬಂದ್ಬುಡ್ತೀನಿ."

ಇಲ್ಲಿ ಒಂದು ಮಾತು ಹೇಳಲೇಬೇಕು. ದೇವಿರಮ್ಮನ ಕಡೆ ಹೆಣ್ಣುಮಕ್ಕಳನ್ನು 'ಅವಳು' ಅನ್ನುವುದು ಸಿಟ್ಟು ಬಂದಾಗ. ಅಕ್ಕರೆ ಇದ್ದರೆ 'ಅದು'. ಮಗಳು ಬಂತು, ಸೊಸೆ ಮಲಗೈತೆ, ನಮ್ಮವ್ವ ಊರಿಗೋಯ್ತು. ಹಾಗಾಗಿ 'ಇದೆ' ಅಂದದ್ದರಲ್ಲಿ ಅವರಿಗೆ ಯಾವ ಅನುಮಾನವೂ ಹುಟ್ಟಲಿಲ್ಲ. ಹೆಸರೂ ಈಗಿನ ಕಾಲದ ಹುಡುಗಿಯರ ಹೆಸರಿನ ಹಾಗೇ ಇದೆ. ಅವರ ಕೈಯಲ್ಲಿದ್ದ ಅವರೆಬೇಳೆ ಪುಳಕ್ಕನೆ ಜಾರಿ ಗೋಡೆಗೆ ಹೊಡೆಯಿತು.

"ಯಾಸಿಕಾನಾ? ಯಾರ ಮನೇದ್ಲಾ ಅದು?"

"ಲಕ್ಷ್ಮೀಪುರಂನಲ್ಲಿ ಚಿಕ್ಕಬಸವಯ್ಯ ಅಂತ, ಅವರ ಮನೇದು ದೊಡ್ಡಮ್ಮ."

"ಎಂಗೈತೆ ನೋಡಕ್ಕೆ?"

ಷಡಕ್ಷರಿ ಫೋನು ಪಕ್ಕಕ್ಕಿಟ್ಟು ಅವರೆದುರು ಕುಕ್ಕರಗಾಲಲ್ಲಿ ಕೂತ. ಇಷ್ಟು ವರ್ಷದಲ್ಲಿ ದೊಡ್ಡಮ್ಮ ಒಂದು ಕ್ಯಾಮೆರಾದ ಬಗ್ಗೆಯೂ ಹೀಗೆ ಆಸೆಯಿಂದ ಕೇಳಿದ್ದಿಲ್ಲ. "ಏನು ಹೇಳಲಿ ದೊಡ್ಡಮ್ಮ! ಕಣ್ಣು ಅಂದ್ರೆ ಕಣ್ಣು. ಮೈಮೇಲೆ ಒಂದು ಗೀರಿಲ್ಲ. ಸ್ವಲ್ಪ ವಯಸ್ಸಾಗಿದೆ, ಆದ್ರೆ ಗೊತ್ತೇ ಆಗಲ್ಲ."

"ಆಗ್ಲಿ ಬುಡು, ನಿನಗೇನು ಅದಿನಾರಾ? ನಾನೂ ಬತ್ತೀನಿ ಕಣ್ಲಾ."

ಭಾನುವಾರ ಬೆಳಿಗ್ಗೆ ದೇವಿರಮ್ಮ ಮೈಸೂರು ರೇಷ್ಮೆ ಸೀರೆ ಉಟ್ಟು, ಬುಟ್ಟಿಯಲ್ಲಿ ತೆಂಗಿನಕಾಯಿ, ರಸಬಾಳೆಹಣ್ಣು, ವೀಳ್ಯದೆಲೆ, ಮಲ್ಲಿಗೆ ಇಟ್ಟುಕೊಂಡು ಆಟೋ ಹತ್ತಿದರು. ಎದುರುಮನೆಯ ಪದ್ಮಾವತಿಗೆ ಆಗಲೇ ಸುದ್ದಿ ಮುಟ್ಟಿಸಿ ಆಗಿತ್ತು, ಅಂದರೆ ಇಡೀ ಬೀದಿಗೆ ಮುಟ್ಟಿತ್ತು ಅನ್ನಿ. ಷಡಕ್ಷರಿಗೆ ಇದ್ಯಾವುದೂ ವಿಚಿತ್ರ ಅನ್ನಿಸಲಿಲ್ಲ. ಹೊಸ ಕ್ಯಾಮೆರಾ ಬಂದಾಗಲೆಲ್ಲ ಅವನೂ ಒಂದು ಮೊಳ ಹೂವು ತರುವವನೇ.

ಚಿಕ್ಕಬಸವಯ್ಯ ಪಂಚೆ ಶಲ್ಯದಲ್ಲಿ ಗೇಟಿನವರೆಗೂ ಬಂದು ಕರೆದುಕೊಂಡು ಹೋದರು. ಬುಟ್ಟಿ ನೋಡಿ ಅವರ ಕಣ್ಣು ಒದ್ದೆಯಾಯಿತು. "ಇದು ಕ್ರಮ ನೋಡಿ. ಹಿಂದೆ ಬಂದೋರು ಕೈ ಬೀಸ್ಕೊಂಡು ಬಂದಿದ್ರು. ಕೂತ್ಕೊಳ್ಳಿ ತಾಯಿ."

"ಎಂಗ್ ಸಾಕಿದ್ದೀರೋ ಏನೋ ಯಜಮಾನ್ರೇ."

"ಬಿಸಿಲು ತಾಗಿಸಿಲ್ಲ, ಧೂಳು ಸೋಕಿಸಿಲ್ಲ. ನನ್ನ ಹೆಂಡತಿ ಹೋದ ಮೇಲೆ ನನಗೆ ಅದೊಂದೇ."

"ತಾಯಿ ಇಲ್ದಿದ್ದು, ಪಾಪ!" ದೇವಿರಮ್ಮ ಸೆರಗು ಕಣ್ಣಿಗೊತ್ತಿಕೊಂಡರು.

"ಎಂಥೆಂಥೋರು ಬಂದ್ರು ಅಂತೀರಿ. ಒಬ್ಬ ಬಂದೋನೇ ಮುಖಕ್ಕೆ ಉಫ್ ಅಂತ ಊದಿಬಿಟ್ಟ. ಇನ್ನೊಬ್ಬ, ಬಿಚ್ಚಿ ತೋರಿಸಿ, ಒಳಗಡೆ ನೋಡಬೇಕು ಅಂದ."

"ಅಯ್ಯೋ ಸಿವನೇ! ಪೋಲೀಸ್ಗೆ ಇಡ್ಕೊಡೋದಲ್ವಾ?"

"ಎದ್ದು ಹೋಗಯ್ಯ ಅಂದೆ." ಚಿಕ್ಕಬಸವಯ್ಯ ಷಡಕ್ಷರಿಯ ಕಡೆ ತಿರುಗಿದರು. "ನೋಡಿ ಇವರೇ, ನಿಮ್ಮ ಮನೇಲಿ ಗಾಳಿ ಬೆಳಕು ಎಲ್ಲಾ ಸರಿ ಇದೆಯೋ? ತಂಡಿ ಆಗಿಬರಲ್ಲ ಅದಕ್ಕೆ. ಎಲ್ಲಿ ಇಟ್ಕೋತೀರ?"

"ಅಕ್ಕಿ ಡಬ್ಬದಲ್ಲಿ ಸಾರ್. ಇನ್ನೂ ಹನ್ನೊಂದು ಅಲ್ಲೇ ಇವೆ, ಎಲ್ಲಾ ಹೊಂದ್ಕೊಂಡಿವೆ."

ದೇವಿರಮ್ಮನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅಷ್ಟರಲ್ಲಿ ಚಿಕ್ಕಬಸವಯ್ಯ ಒಳಗೆ ಹೋಗಿ, ಹಿತ್ತಾಳೆ ತಟ್ಟೆಯಲ್ಲಿ ಜರಿಯ ಬಟ್ಟೆ ಹೊದಿಸಿದ್ದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಟೀಪಾಯಿಯ ಮೇಲಿಟ್ಟರು. ಬಟ್ಟೆ ಸರಿಸಿದರು. ಯಾಶಿಕಾ ಎರಡು ಕಣ್ಣನ್ನೂ ದೇವಿರಮ್ಮನ ಮೇಲೆ ನೆಟ್ಟು ಕೂತಿತ್ತು.

"ಇದಾ?" ಅಂದರು ದೇವಿರಮ್ಮ. "ಷಡಕ್ಷರೀ, ಇದೇನ್ಲಾ ಯಾಸಿಕಾ?"

ಆಗ ಹೊಳೆಯಿತು ಷಡಕ್ಷರಿಗೆ. ರೇಷ್ಮೆ ಸೀರೆ ಯಾಕೆ, ಮಲ್ಲಿಗೆ ಯಾಕೆ, ಬೆಳಿಗ್ಗೆ ತನ್ನ ತಲೆ ನೇವರಿಸಿದ್ದು ಯಾಕೆ. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದ. ದೊಡ್ಡಮ್ಮ ಕೂಗಾಡಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಭಯವಾದದ್ದು. ಅವರು ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಗೋಡೆಯತ್ತ ಮುಖ ಮಾಡಿ ಕೂತರು.

ಏನೂ ತಿಳಿಯದ ಚಿಕ್ಕಬಸವಯ್ಯ ಕೊನೆಯ ಪ್ರಶ್ನೆ ಕೇಳಿದರು. "ಎಲ್ಲಾ ಸರಿ. ಈಚೆಗೆ ನೀವು ತೆಗೆದ ಫೋಟೋ ಯಾವುದಾದ್ರೂ ಇದ್ರೆ ತೋರಿಸಿ."

ಷಡಕ್ಷರಿ ಅಂಗಿಯ ತುದಿಯಿಂದ ಟೀಪಾಯಿಯ ಅಂಚು ಒರೆಸತೊಡಗಿದ.

"ಹಳೇದಾದ್ರೂ ಆಗಲಿ."

"ತೆಗೆದಿಲ್ಲ ಸಾರ್. ಶಬ್ದ ಕೇಳ್ತೀನಿ, ಅಷ್ಟೇ."

"ಹನ್ನೊಂದು ಇಟ್ಕೊಂಡು ಒಂದು ಫೋಟೋ ಇಲ್ವೇ?" ಚಿಕ್ಕಬಸವಯ್ಯ ಜರಿಯ ಬಟ್ಟೆ ಮತ್ತೆ ಹೊದಿಸಿದರು. "ತಪ್ಪು ತಿಳೀಬೇಡಿ. ನಾನು ಕೊಡೋದಿಲ್ಲ ಕಣ್ರೀ. ಬಾಳಿಸೋ ಕೈಗೆ ಕೊಡಬೇಕು ಅಂತ ಇದ್ದೆ. ನೀವು ತಗೊಂಡುಹೋಗಿ ಅಕ್ಕೀಲಿ ಹೂಳ್ತೀರಿ."

ಷಡಕ್ಷರಿಯ ಕಣ್ಣಲ್ಲಿ ನೀರು ತುಂಬಿತು. ಎದ್ದು ಹೊರಡೋಣವೆಂದು ದೊಡ್ಡಮ್ಮನ ಕಡೆ ನೋಡಿದರೆ ಅವರು ಆಗಲೇ ಎದ್ದು ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸುತ್ತಿದ್ದಾರೆ!

"ಏನಂದ್ರಿ ಯಜಮಾನ್ರೇ? ನಮ್ ಉಡುಗನಿಗೆ ಕೊಡಲ್ವಾ? ಕುಡಿಯಲ್ಲ, ಸೇದಲ್ಲ, ಒಬ್ಬರ ತಂಟೆಗೋಗಲ್ಲ. ಇವ್ನಿಗೆ ಎಣ್ಣು ಕೊಡಲ್ಲ ಅಂದೋರ್ನ ಬೇಕಾದಷ್ಟು ಕಂಡಿವ್ನಿ. ಪೆಟ್ಟಿಗೆ ಕೊಡಲ್ಲ ಅನ್ನೋರ್ನ ಇವತ್ತೇ ಕಂಡಿದ್ದು! ಬೀದಿಗೆಲ್ಲ ಏಳಿ ಬಂದಿವ್ನಿ, ಬೇಡ ಅನ್ನಿಸ್ಕೊಂಡು ಎಂಗೆ ಓಗ್ಲಿ? ಹಾಕ್ಕೊಡಿ ರೀಲು. ಈಗ್ಲೇ ತೆಗೀತಾನೆ. ನಂದೇ ತೆಗೀಲಿ!"

ಚಿಕ್ಕಬಸವಯ್ಯ ಬೆಚ್ಚಿಬಿದ್ದು ಕೆಡದಿರಲೆಂದು ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟಿದ್ದ ರೀಲು ತಂದು ಹಾಕಿಕೊಟ್ಟರು. ದೇವಿರಮ್ಮ ವರಾಂಡದ ಕುರ್ಚಿಯಲ್ಲಿ ಕೂತು ಮತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ಹೊರಗಿನವರ ಮುಂದೆ ಬಿಟ್ಟುಕೊಡದಿದ್ದರೂ ಇವನ ಮೇಲಿನ ಸಿಟ್ಟು ಹಾಗೇ ಇತ್ತು.

ಈ ಬಗೆಯ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನೊಳಗೆ ಇಣುಕಬೇಕು. ಅದರಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಷಡಕ್ಷರಿಗೆ ಇದೆಲ್ಲ ಬಾಯಿಪಾಠ, ಆದರೆ ಕೈ ಕೇಳಬೇಕಲ್ಲ. ದೊಡ್ಡಮ್ಮ ಗಾಜಿನ ಅಂಚಿಗೆ ಜಾರಿದರೆ ಇವನು ಅತ್ತಲೇ ತಿರುಗಿಸುತ್ತಾನೆ, ಅವರು ಪೂರಾ ಮಾಯವಾಗುತ್ತಾರೆ. ಇತ್ತ ತಿರುಗಿಸಿದರೆ ತುಳಸಿ ಕಟ್ಟೆ ಬರುತ್ತದೆ. ತಲೆ ಎತ್ತದೆ, ಬಗ್ಗಿದವನು ಬಗ್ಗಿದಂತೆಯೇ, ಬೆವರುತ್ತಾ, ದೊಡ್ಡಮ್ಮನನ್ನು ಹುಡುಕುತ್ತಾ ನಿಂತ. ಕಣ್ಣೀರ ಹನಿಯೊಂದು ಗಾಜಿನ ಮೇಲೆ ಬಿತ್ತು.

ದೇವಿರಮ್ಮ ಓರೆಗಣ್ಣಲ್ಲಿ ನೋಡಿದರು. ಹುಡುಗ ತಲೆ ಬಗ್ಗಿಸಿ ನಿಂತಿದ್ದಾನೆ. ಎಷ್ಟು ಹೊತ್ತಾದರೂ ಎತ್ತುತ್ತಿಲ್ಲ. ಅಳುತ್ತಲೂ ಇದ್ದಾನೆ. ಇನ್ನು ಎಷ್ಟು ಅಂತ ತಪ್ಪೊಪ್ಪಿಕೊಂಡಾನು? ಅವರ ಕರುಳು ಚುರ್ರೆಂದಿತು. ಪೂರಾ ಇವನ ಕಡೆ ತಿರುಗಿ, ಬಲಗೈ ಎತ್ತಿ, "ಆಯ್ತು ಬುಡು ಮಗ. ತಲೆ ಎತ್ತು. ಒಳ್ಳೇದಾಗ್ಲಿ ನಿಂಗೆ," ಅಂದರು.

ಅದೇ ಗಳಿಗೆಯಲ್ಲಿ ಅವರು ಗಾಜಿನ ನಡುವೆ ಸಿಕ್ಕರು. ಷಡಕ್ಷರಿ ಗುಂಡಿ ಒತ್ತಿದ. ಟಕ್ ಎಂದದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಮಿಕ್ಕ ರೀಲು ಖಾಲಿಯೇ ಉಳಿಯಿತು, ಬಂದದ್ದನ್ನು ಈಗಲೇ ನೋಡಬೇಕೆಂದು ಅವನು ಹಟ ಹಿಡಿದ. ಚಿಕ್ಕಬಸವಯ್ಯ ರೀಲು ತೊಳೆಯಲು, ಕತ್ತಲೆಕೋಣೆ ಮಾಡಿಕೊಂಡಿದ್ದ ತಮ್ಮ ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡರು. ಷಡಕ್ಷರಿ ಬಾಗಿಲ ಹೊರಗೆ ಹೆರಿಗೆ ಆಸ್ಪತ್ರೆಯಲ್ಲಿ ನಿಂತವನ ಹಾಗೆ ನಿಂತ. ಫೋಟೋ ಚೆನ್ನಾಗಿ ಬಂದಿರಲಿ ಎಂದು ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತುವ ಹರಕೆಯನ್ನೂ ಹೊತ್ತುಕೊಂಡ.

ಚಿಕ್ಕಬಸವಯ್ಯ ಹೊರಬಂದು ಒದ್ದೆ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರಲ್ಲಿ ಕಪ್ಪು ಬಿಳುಪು ಅದಲು ಬದಲಾಗಿ, ಸ್ವಲ್ಪ ಸೊಟ್ಟಗೆ, ಎತ್ತಿದ ಕೈಯ ಹಿಂದೆ ದೇವಿರಮ್ಮ ಕೂತಿದ್ದರು.

"ಯವ್ವಾ! ನನ್ ಕೂದಲೆಲ್ಲ ಕಪ್ಪಗಾಗೈತಲ್ಲ!" ಅಂದರು ಅವರು, ಖುಷಿಯಾಗಿ.

ಷಡಕ್ಷರಿ ನೆಗೆಟಿವಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ. ತಾನು ಮಾಡಿದ್ದು, ತನ್ನ ಕೈಯಿಂದ ಬಂದದ್ದು! ಸೊಟ್ಟಗಿದ್ದರೆ ಇರಲಿ, ಇಷ್ಟು ಸಂತೋಷ ಅವನು ಹನ್ನೊಂದರ ಟಕ್ ಟಕ್ಕಿನಲ್ಲೂ ಕಂಡಿರಲಿಲ್ಲ.

ಚಿಕ್ಕಬಸವಯ್ಯ ಬಹಳ ಹೊತ್ತು ನೋಡಿದರು. "ನನ್ನ ಸ್ಟುಡಿಯೋಲಿ ಬಂದು ಕೂತೋರೆಲ್ಲ ಕ್ಯಾಮೆರಾನೇ ನೋಡ್ತಿದ್ರು ಕಣ್ರೀ. ಈ ತಾಯಿ ನಿಮ್ಮನ್ನ ನೋಡ್ತಿದಾರೆ. ಒಪ್ಪಿಗೆ. ತಗೊಂಡು ಹೋಗಿ."

ಹೀಗೆಂದು ಯಾಶಿಕಾವನ್ನು ಕೈಗೆತ್ತಿಕೊಂಡವರು ಕೊಡಲಿಲ್ಲ. ಷಡಕ್ಷರಿ ಕೈ ಚಾಚಿದ. ಅವರು ಎದೆಗೊತ್ತಿಕೊಂಡರು. ಇವನು ಇನ್ನಷ್ಟು ಚಾಚಿದ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮಗುವಿನ ಹಾಗೆ ಅಳಲು ಶುರುಮಾಡಿದರು. "ಕಳಿಸೋಕೆ ಮನಸ್ಸೇ ಬರ್ತಿಲ್ಲ. ಒಂದು ಕೆಲಸ ಮಾಡೋಣ. ನೀವೇ ಇಲ್ಲಿಗೆ ಬಂದುಬಿಡಿ. ಪ್ರತಿ ಭಾನುವಾರ. ಎಷ್ಟು ಬೇಕೋ ಅಷ್ಟು ತೆಗೀರಿ, ನಾನು ತೊಳೆದುಕೊಡ್ತೀನಿ."

"ಅಂದ್ರೆ ಮನೆ ಅಳಿಯ!" ದೇವಿರಮ್ಮ ಗುಡುಗಿದರು. "ನಮ್ ವಂಸದಲ್ಲಿ ಒಬ್ಬನೂ ಮನೆ ಅಳಿಯ ಆಗಿಲ್ಲ! ನಾವು ಒಪ್ಪಲ್ಲ ಯಜಮಾನ್ರೇ!"

"ನಾನು ಒಪ್ಕೊಂಡೆ ಸಾರ್," ಅಂದ ಷಡಕ್ಷರಿ.

ದೇವಿರಮ್ಮ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಬುಟ್ಟಿಯಿಂದ ತೆಂಗಿನಕಾಯಿ ತೆಗೆದು ಟೀಪಾಯಿಯ ಮೇಲೆ ಟಪ್ಪನೆ ಇಟ್ಟರು. ಒಪ್ಪಿದರು ಅಂತ ಅರ್ಥ.

ಬೀದಿಯವರಿಗೆ ಸಂಬಂಧ ಕೂಡಿಬರಲಿಲ್ಲ ಎಂದಷ್ಟೇ ಹೇಳಿ ಮುಗಿಸಿದರು. ಷಡಕ್ಷರಿ ಮಾತ್ರ ಭಾನುವಾರ ಬಂತೆಂದರೆ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ರೀಲು ಇಟ್ಟುಕೊಂಡು ಹೊರಟುಬಿಡುತ್ತಾನೆ. ಮೊನ್ನೆ ಒಂದು ಭಾನುವಾರ ಪದ್ಮಾವತಿ ಏನೋ ಜೆರಾಕ್ಸ್ ಮಾಡಿಸಬೇಕೆಂದು ಮನೆಗೇ ಬಂದಳು.

"ಎಲ್ಲಿ ದೇವಿರಮ್ಮನೋರೇ, ನಿಮ್ಮ ಷಡಕ್ಷರಿ?"

"ಮಾವನ ಮನೆಗೋಗವ್ನೆ."

ಮದುವೆಯೇ ಆಗದವನಿಗೆ ಎಲ್ಲಿಯ ಮಾವ? ಪದ್ಮಾವತಿಗೆ ಗೊತ್ತಿದ್ದ ಇನ್ನೊಂದು ಮಾವನ ಮನೆಯೆಂದರೆ ಜೈಲು. ಅವಳು ಎದೆ ಮೇಲೆ ಕೈ ಇಟ್ಟುಕೊಂಡು ದನಿ ತಗ್ಗಿಸಿದಳು.

"ಅಯ್ಯೋ! ಅಂಥಾದ್ದೇನು ಮಾಡಿಬಿಟ್ಟ?"

"ಫೋಟೋ ತೆಗೆದ ಕಣವ್ವ," ಅಂದರು ದೇವಿರಮ್ಮ, ಹೆಮ್ಮೆಯಿಂದ.