ಏಳು ಚಡ್ಡಿ, ಇಬ್ಬರು ಮಕ್ಕಳು

ಹಗ್ಗದ ಮೇಲೆ ಏಳು ಚಡ್ಡಿ ಒಣಗುತ್ತಿದ್ದವು. ಏಳೂ ಬೇರೆ ಬೇರೆ ಅಳತೆಯವು.

“ಮನೆಯಲ್ಲಿ ಮಕ್ಕಳೆಷ್ಟು?” ಎಂದು ಕೇಳಿದೆ.

“ಇಬ್ಬರು,” ಎಂದರು ಅಜ್ಜಿ.

ನಾನು ವಿಶಾಖಪಟ್ಟಣದಲ್ಲಿ ಸ್ಕೂಲ್ ಟೀಚರ್. (ಅಪ್ಪನ ಬ್ಯಾಂಕ್ ವರ್ಗಾವಣೆಯ ಜೊತೆ ಬಂದವಳು.) ಈ ಸಲ ಜನಗಣತಿ ಡ್ಯೂಟಿ ನನಗೂ ಬಿತ್ತು. ಸಿಕ್ಕಿದ್ದು ಬರ್ಮಾದಿಂದ ವಾಪಸ್ ಬಂದ ತೆಲುಗರ ಕಾಲೊನಿ. ಬೀದಿಗೆಲ್ಲ ಒಂದೇ ನಲ್ಲಿ. ಎಣಿಕೆ ನೋಡಿ ಇನ್ನೊಂದು ಹಾಕಿಸುತ್ತೇವೆ ಎಂದು ಮುನ್ಸಿಪಾಲಿಟಿಯವರು ಹೇಳಿ ಹೋಗಿದ್ದರು. ಅಂದಮೇಲೆ ಇಲ್ಲದವರನ್ನೂ ಸೇರಿಸಿ ಬರೆಸಬೇಕಲ್ಲವೇ? ಇವರು ಇರುವವರನ್ನೇ ಬಚ್ಚಿಡುತ್ತಿದ್ದರು.

ಹಿತ್ತಲಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ “ಶ್” ಎಂದರು.

“ನಾನು ಫ್ಯಾಮಿಲಿ ಪ್ಲಾನಿಂಗಿನವಳಲ್ಲ ಅಮ್ಮಮ್ಮಾ,” ಎಂದೆ, ನನಗೆ ಬರುವ ತೆಲುಗಿನಲ್ಲಿ.

ಅಜ್ಜಿ ನಕ್ಕರು. “ಅವರಿಗೆ ಯಾರಮ್ಮಾ ಹೆದರ್ತಾರೆ? ಗಲಭೆ ಟೈಮಲ್ಲಿ ರಂಗೂನಿನ ನಮ್ಮ ಮನೆಗೂ ನಿನ್ನ ಹಾಗೇ ಒಬ್ಬ ಬಂದಿದ್ದ. ಒಳ್ಳೇ ಮಾತು, ಒಳ್ಳೇ ಪೆನ್ನು. ಎಲ್ಲರ ಹೆಸರು ಬರ್ಕೊಂಡು ಹೋದ. ಆಮೇಲೆ ಬರೆಸಿದವರನ್ನೆಲ್ಲ ಹಡಗು ಹತ್ತಿಸಿದರು. ನೀನೂ ಅಷ್ಟೇ. ಎಲ್ಲರ ಹೆಸರು ಕೇಳ್ತೀಯ, ನಿಂದು ಹೇಳಲಿಲ್ಲ. ಮದುವೆ ಆಗಿದೆಯಾ? ಮನೇಲಿ ಎಷ್ಟು ಜನ?”

ಫೈಲ್ ಮುಚ್ಚಿ ಹೊರಟೆ. (ಇಂಥದ್ದನ್ನು ಪಕ್ಕದ ಮನೆಯವರಿಗೂ ನಾನು ಹೇಳುವುದಿಲ್ಲ.)

ಸಂಜೆ ಅಪ್ಪ ಎಲ್ಲವನ್ನೂ ಕೇಳಿ, “ಇಬ್ರು ಅಂದ್ರೆ ಇಬ್ರು ಅಂತ ಬರಿ. ನಿನಗ್ಯಾಕಮ್ಮಾ ಊರ ಉಸಾಬರಿ?” ಎಂದರು.

ಬರೆಯಬಹುದಿತ್ತು. ಆದರೆ ಎಂ.ಎ.ಯಲ್ಲಿ ಓದಿದ್ದು ಕಾಡತೊಡಗಿತು. ಯುದ್ಧ, ಗಲಭೆ ಮುಗಿದ ದೇಶಗಳಲ್ಲಿ ಜನಸಂಖ್ಯೆ ಬೇಗ ಏರುತ್ತದಂತೆ. ನೀರು, ಶಾಲೆ, ಆಸ್ಪತ್ರೆಗಳು ಏದುಸಿರು ಬಿಡುತ್ತಾ ಅದರ ಹಿಂದೆ ಓಡುತ್ತವಂತೆ. ಆ ಟೇಬಲ್‌ಗಳನ್ನು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದವಳು ನಾನು. ಅಂಕಿ ಕೊಟ್ಟವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತ ಇಂಥ ಅಜ್ಜಿಯರೇ ಅಲ್ಲವೇ? ಬರೆಸಿದ್ದಕ್ಕೇ ಊರು ಬಿಟ್ಟವರು ಬರೆಯಲು ಬಂದವರನ್ನು ಯಾಕೆ ನಂಬಬೇಕು? ನಂಬದಿದ್ದರೋ, ಏಳು ಮಕ್ಕಳಿಗೆ ಇಬ್ಬರ ಪಾಲಿನ ನೀರು.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಫೈಲ್ ತೆರೆಯಲಿಲ್ಲ. ನನ್ನ ಹೆಸರು, ವಯಸ್ಸು, ಮನೆ ನಂಬರು, ಮನೆಯಲ್ಲಿ ಮೂವರು, ಮದುವೆಯಾಗಿಲ್ಲ ಎಂದು ಹಾಳೆಯೊಂದರಲ್ಲಿ ಬರೆದು, “ಮೊದಲು ನೀವು ಇದನ್ನು ಇಟ್ಟುಕೊಳ್ಳಿ,” ಎಂದು ಅಜ್ಜಿಯ ಕೈಗೆ ಕೊಟ್ಟೆ.

ಅವರು ಅದನ್ನು ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ಹಿತ್ತಲಿಗೆ ತಿರುಗಿ, “ಬನ್ರೋ ಎಲ್ಲಾ, ಸಾಲಾಗಿ ನಿಲ್ಲಿ,” ಎಂದರು.

ನಾನು ಎಂಟು ಎಂದು ಬರೆದೆ. ಒಂದಕ್ಕೆ ಇನ್ನೂ ಚಡ್ಡಿ ಹಾಕುವ ವಯಸ್ಸಾಗಿರಲಿಲ್ಲ.