ರಾಮಲಿಂಗಂ ಮೂಗಿಗೆ ಕುಕ್ಕೆ

ರಾಮಲಿಂಗಂ ಬಾಯಿ ಮುಚ್ಚಿದ್ದು ಜೀವಮಾನದಲ್ಲಿ ಎರಡೇ ಸಲ. ಎರಡನೆಯದು ಬೀದಿಗೆಲ್ಲ ಗೊತ್ತು, ಅದರ ಮಾತು ಇಲ್ಲಿ ಬೇಡ. ಇದು ಮೊದಲನೆಯದರ ಕತೆ. ಎಂಬತ್ತೆಂಟನೇ ಇಸವಿಯಲ್ಲಿ ನಡೆದದ್ದು.

ಕೋಯಮತ್ತೂರು ಕಡೆಯ ಸಿರುಮುಗೈಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಅವನ ಮನೆ. ಮನೆಯೊಳಗೆ ಒಂದು ಗುಂಡಿಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಕೈ ಲಾಳಿ ಎಸೆಯುತ್ತಿತ್ತು, ಬಾಯಿ ಊರು ಸುತ್ತುತ್ತಿತ್ತು. ಹೆಂಡತಿ ನಾಚಿಯಮ್ಮ ಎದುರಿಗೆ ರಾಟೆ ಇಟ್ಟುಕೊಂಡು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಅವಳು ಒಂದು ಮಾತನ್ನು ಕೊನೆವರೆಗೆ ಆಡಿ ಮುಗಿಸಿದ್ದು ಕಡಿಮೆ. "ಇವತ್ತು ಸಂತೆಗೆ..." ಎಂದರೆ ಸಾಕು, ಸಂತೆಯಲ್ಲಿ ಯಾರು ಯಾರಿಗೆ ಕೊಳೆತ ಬದನೆಕಾಯಿ ಮಾರಿದರು ಎಂದು ಅವನು ಶುರು ಮಾಡುವನು. ಪಾಪ, ಅವಳು ಹೇಳಹೊರಟದ್ದು ಉಪ್ಪು ಮುಗಿದಿದೆ ಎಂದು. ಆ ದಿನ ಸಾರು ಸಪ್ಪೆ.

ರಾತ್ರಿಯಾದರೆ ಬಾಯಿಯ ಕೆಲಸ ಮೂಗು ವಹಿಸಿಕೊಳ್ಳುತ್ತಿತ್ತು. ಎದುರುಮನೆ ಪಂಕಜಂ ಬೆಳಿಗ್ಗೆ ಕೊಳಾಯಿಯ ಹತ್ತಿರ ಕೊಡ ಇಟ್ಟು ಕೇಳುವಳು.

"ಅಕ್ಕ, ನೆನ್ನೆ ಅಣ್ಣ ಲಾರಿ ಎಷ್ಟು ದೂರ ಓಡಿಸಿದ್ರು? ಮೇಟುಪಾಳ್ಯ ದಾಟ್ತಾ, ಇಲ್ವಾ?"

"ಊಟಿ ಹತ್ತಿ ಇಳ್ದು ಬಂತು ಕಣೆ. ಬ್ರೇಕ್ ಇಲ್ಲೆ ಅದಕ್ಕೆ."

ಗೊರಕೆಗೆ ನಾಚಿಯಮ್ಮ ಹೆದರಲಿಲ್ಲ. ಗೊರಕೆ ನಡುವೆ ಗಕ್ಕನೆ ನಿಲ್ಲುತ್ತಿತ್ತಲ್ಲ, ಅದಕ್ಕೆ ಹೆದರಿದಳು. ಒಂದು, ಎರಡು, ಮೂರು ಎಂದು ಎಣಿಸುವಳು. ಇಪ್ಪತ್ತೈದಕ್ಕೆ ಬಂದರೂ ಉಸಿರಿಲ್ಲ. ಆಗ ಕಾಲೆತ್ತಿ ಪಕ್ಕೆಗೆ ತಿವಿಯುವಳು. ಅವನು ಬಾವಿಯಿಂದ ಮೇಲೆದ್ದವನ ಹಾಗೆ ಗಾಳಿ ಎಳೆದು, "ಏನ್ ಪುಳ್ಳೆ?" ಎಂದು ಹೆಂಡತಿಯನ್ನೇ ಕೇಳಿ ಮಗ್ಗುಲಾಗುವನು. ಎರಡು ವರ್ಷ ಗಂಡನನ್ನು ಕಾಲಲ್ಲೇ ಬದುಕಿಸಿಕೊಂಡಳು. ತನಗೆ ಯಾವ ದಿನ ಗಾಢ ನಿದ್ದೆ ಬರುತ್ತದೋ ಆ ದಿನ ಇವನು ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಲು ಅವನು ಬಿಡಬೇಕಲ್ಲ.

ಹಗಲು ಅವನು ಮಗ್ಗದ ಮೇಲೇ ತೂಕಡಿಸುತ್ತಿದ್ದ. ಒಂದು ಸೀರೆಯ ಸೆರಗಿಗೆ ಸಾಲು ನವಿಲು ನೇಯಬೇಕಿತ್ತು. ಮಧ್ಯಾಹ್ನ ನೋಡಿದರೆ ಮೂರು ನವಿಲಿಗೆ ತಲೆ ಇಲ್ಲ.

"ತಲೆ ಎಲ್ಲಿ ಮಾಮ?" ಎಂದಳು ನಾಚಿಯಮ್ಮ. ಗಂಡನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಮಳೆ ಬಂತು. ಒಳಕ್ಕೆ ಎಳ್ಕೊಂಡವೆ."

ಅವತ್ತೇ ನಾಚಿಯಮ್ಮ ರಾಟೆ ಮೂಲೆಗೆ ತಳ್ಳಿ ಅವನನ್ನು ಕೋಯಮತ್ತೂರಿಗೆ ಎಳೆದುಕೊಂಡು ಹೋದಳು.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು. ಹೊರದೇಶದಲ್ಲಿ ಓದಿ ಬಂದವರು, ಬರುವಾಗ ಎರಡು ಮಿಷಿನ್ ತಂದಿದ್ದರು, ಒಂದು ಆಗಲೇ ಬೇರೊಬ್ಬರಿಗೆ ಹೋಗಿತ್ತು. ರಾಮಲಿಂಗನನ್ನು ಒಂದು ರಾತ್ರಿ ಅಲ್ಲೇ ಮಲಗಿಸಿಕೊಂಡು ನೋಡಿದರು. ಬೆಳಿಗ್ಗೆ ತಮಿಳಿನಲ್ಲಿ ಹೇಳಿದರು, "ಮಲಗಿದಾಗ ನಿಮ್ಮ ಗಂಟಲು ಮುಚ್ಚಿಕೊಳ್ಳುತ್ತೆ. ಈ ಮಿಷಿನ್ ಮೂಗಿನಿಂದ ಗಾಳಿ ಊದಿ ಅದನ್ನು ತೆರೆದಿಡುತ್ತೆ. ಇದಿಲ್ಲದಿದ್ದರೆ ಒಂದು ದಿನ ಎದ್ದೇಳುವುದಿಲ್ಲ."

ಮಿಷಿನ್ ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟಿತ್ತು. ಅದರಿಂದ ಉದ್ದಕ್ಕೆ ಒಂದು ಕೊಳವೆ. ಕೊಳವೆಯ ತುದಿಗೆ ಮೂಗು ಮುಚ್ಚುವಂಥ ಮೆತ್ತನೆ ಬಟ್ಟಲು, ಅದೇ ಮಾಸ್ಕ್. ತಲೆಯ ಹಿಂದಕ್ಕೆ ಕಟ್ಟಲು ಬಟ್ಟೆಯ ಪಟ್ಟಿ.

"ಇಪ್ಪತ್ತು ದಿನಕ್ಕೆ ಕೊಡ್ತೀನಿ. ರಾತ್ರಿಗೆ ಐದು ಗಂಟೆಯಾದರೂ ಹಾಕಬೇಕು, ಒಟ್ಟು ನೂರು ಗಂಟೆ. ಒಳಗೆ ಗಂಟೆ ಎಣಿಸೋ ಮೀಟರ್ ಇದೆ. ಹಾಕಿದರೆ ನಿಮಗೇ. ಹಾಕದಿದ್ದರೆ ಇದೇ ಕಾಯಿಲೆಯ ಕಿಣತ್ತುಕಡವಿನ ತೆಂಗಿನಕಾಯಿ ಮಂಡಿಯವರು ಕಾಯ್ತಿದ್ದಾರೆ, ದಿನಾ ಫೋನು."

ನಾಚಿಯಮ್ಮ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಕೈಗೂಸನ್ನೂ ಯಾರೂ ಅಷ್ಟು ಜೋಪಾನವಾಗಿ ತರುವುದಿಲ್ಲ.

ಮೊದಲ ದಿನ ಬೀದಿಯೇ ಬಂದು ನಿಂತಿತು. ಮಾಸ್ಕ್ ಕಟ್ಟಿಕೊಂಡ ರಾಮಲಿಂಗನನ್ನು ಕಂಡು ಪಂಕಜಂ, "ಅಯ್ಯೋ ಅಣ್ಣ, ಬೆಳೆ ಮೇಯ್ದೀತು ಅಂತ ಎತ್ತಿನ ಮೂತಿಗೆ ಕುಕ್ಕೆ ಹಾಕ್ದಂಗೆ ಹಾಕವ್ರೆ!" ಎಂದಳು. ಉತ್ತರ ಕೊಡದೆ ಇರುವ ಮನುಷ್ಯನೇ ಅವನು? ಬಾಯಿ ತೆರೆದ. ಮೂಗಿಗೆ ಊದಿದ ಗಾಳಿಯೆಲ್ಲ ಬುಸ್ಸೆಂದು ಬಾಯಿಂದ ಹೊರಬಂತು. ಮಾತು ಬರಲಿಲ್ಲ, ತುಟಿ ಮಾತ್ರ ಪಟಪಟ ಹೊಡೆದುಕೊಂಡಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಬಾಯಿ ಮುಚ್ಚಿದರೆ ಮಾತ್ರ ಗಾಳಿ ಒಳಗೆ ನಿಲ್ಲುತ್ತಿತ್ತು. ರಾಮಲಿಂಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಸರ್ಕಾರದಲ್ಲೂ ಇಲ್ಲ.

ಎರಡು ರಾತ್ರಿ ಹೀಗೇ ಹೋಯಿತು. ಕಾಲು ಗಂಟೆ ಹಾಕುವನು, ಉಸಿರು ಕಟ್ಟಿತು ಎಂದು ಕಿತ್ತು ಎಸೆಯುವನು. ಹಣೆಯ ಎಣ್ಣೆಗೆ ಮಾಸ್ಕ್ ಜಾರುತ್ತದೆ ಎನ್ನುವನು. ಪಟ್ಟಿ ಬೆವರು ನಾರುತ್ತದೆ ಎನ್ನುವನು.

ಬೆವರು ಎಂದಿದ್ದಕ್ಕೆ ಮೂರನೆಯ ದಿನ ನಾಚಿಯಮ್ಮ ಪಟ್ಟಿ ಒಗೆದಳು. ಒಗೆದಳು ಸರಿ, ಆಮೇಲೆ ಕೈ ಸುಮ್ಮನಿರಲಿಲ್ಲ. ಹುಟ್ಟಿದಾಗಿನಿಂದ ಹಾಸಿನ ನೂಲಿಗೆ ಅನ್ನದ ಗಂಜಿ ತೀಡಿದ ಕೈ ಅದು. ಗಂಜಿ ಕಾಣದ ನೂಲು ಎಳೆದರೆ ಹರಿಯುತ್ತದೆ ಎಂದೇ ಅವಳ ನಂಬಿಕೆ. ಒಳ್ಳೆ ಮಿಷಿನ್, ಪಟ್ಟಿಯೂ ಗಟ್ಟಿಯಾಗಿರಲಿ ಎಂದು ಗಂಜಿ ಹಾಕಿ ಬಿಸಿಲಿಗೆ ಎಳೆದು ಕಟ್ಟಿದಳು. ಸಂಜೆಗೆ ಪಟ್ಟಿ ಹಲಗೆಯಾಗಿತ್ತು. ಅದನ್ನು ಕಟ್ಟಿಕೊಂಡ ಗಂಡನ ಕೆನ್ನೆಯಲ್ಲಿ ಎರಡು ಕಡೆ ಕೆಂಪು ಗೆರೆ. ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕುಯ್ಯೋ ಎಂದು ಸೀಟಿ.

"ಕೊಲ್ಲಕ್ಕೆ ಇದೊಂದು ದಾರಿ ಹುಡುಕಿದ್ಯಾ ಪುಳ್ಳೆ?" ಎಂದ ರಾಮಲಿಂಗಂ. ಅವನಿಗೆ ನೆಪ ಸಿಕ್ಕಿತ್ತು.

ಮರುದಿನದಿಂದ ಮಾತ್ರ ಅವನು ಸಾಧುವಾಗಿಬಿಟ್ಟ. "ನಾನು ಮಗ್ಗದ ಕೋಣೇಲಿ ಒಬ್ನೇ ಮಲಗ್ತೀನಿ. ಬಾಗಿಲು ಹಾಕ್ಬೇಕು, ಗಾಳಿ ಚದುರಬಾರದು ಅಂತ ಡಾಕ್ಟರೇ ಹೇಳವ್ರೆ" ಎಂದ. ಹಗಲೂ ಬಾಗಿಲು ಹಾಕಿದ ಕೋಣೆಯಲ್ಲಿ ಮಿಷಿನ್ ಓಡುತ್ತಿತ್ತು, ಅವಳು ರಾಟೆಯನ್ನು ಹೊರಗೆ ಜಗಲಿಗೆ ತಂದುಕೊಂಡಳು. ಯಾಕೆ ಎಂದರೆ, "ಹೊಸಾ ಮೋಟಾರು. ಓಡಿ ಓಡಿ ಪಳಗ್ಬೇಕು. ಕೋಯಮತ್ತೂರಲ್ಲಿ ಪಂಪ್‌ಸೆಟ್ ಮಾಡೋರ್ನ ಕೇಳು" ಎಂದ. ನಾಚಿಯಮ್ಮ ನಂಬಿದಳು. ರಾತ್ರಿ ಬಾಗಿಲಾಚೆಯಿಂದ ಮಿಷಿನ್ ಗುಂಯ್‌ಗುಟ್ಟುವುದು ಕೇಳುತ್ತಿತ್ತು, ಅದರ ಸದ್ದಿನಲ್ಲಿ ಗೊರಕೆ ಕೇಳಲಿಲ್ಲ. ಎರಡು ವರ್ಷದ ಮೇಲೆ ಅವಳೂ ಮೈಮರೆತು ಮಲಗಿದಳು. ಆರು ರಾತ್ರಿ.

ಏಳನೆಯ ದಿನ ಮಧ್ಯಾಹ್ನ ಕಂಡಿಕೆ ಬುಟ್ಟಿ ಬೇಕಾಯಿತು. ಬಾಗಿಲು ತಳ್ಳಿದಳು.

ಮಾಸ್ಕ್ ಮಣ್ಣಿನ ಮಡಕೆಗೆ ಕಟ್ಟಿತ್ತು. ಅವಳು ಗಂಜಿ ಹಾಕಿದ ಪಟ್ಟಿಯೇ, ಮಡಕೆಯ ಹೊಟ್ಟೆಗೆ ಬಿಗಿಯಾಗಿ. ಸೀಟಿಯಿಲ್ಲ, ಸೋರಿಕೆಯಿಲ್ಲ. ಮಡಕೆ ಬಲು ಸುಖವಾಗಿ ಗಾಳಿ ತೆಗೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಚಾಪೆಯ ಮೇಲೆ ರಾಮಲಿಂಗಂ ಬಾಯಿ ತೆರೆದು ಬಿದ್ದಿದ್ದ.

ನಗು ಬಂತು ಅವಳಿಗೆ. ಅಷ್ಟರಲ್ಲಿ ಗೊರಕೆ ನಿಂತಿತು. ಅವಳು ನಿಂತಲ್ಲೇ ಎಣಿಸಿದಳು. ಮೂವತ್ತು. ಮೂವತ್ತೊಂದು. ತುಟಿ ನೀಲಿಯಾಗಿತ್ತು. ಆರು ರಾತ್ರಿ ಇದು ಹೀಗೇ ನಡೆದಿದೆ, ತಾನು ಗೋಡೆಯಾಚೆ ಮಲಗಿದ್ದೆ ಎಂದು ಹೊಳೆಯಿತು. ತಿವಿಯಲಿಲ್ಲ, ಬುಟ್ಟಿಯಿಂದ ಹೊಡೆದಳು.

"ಏನ್ ಪುಳ್ಳೆ!"

"ಮಡಕೆಗೆ ಉಸಿರು ಚೆನ್ನಾಗಿದೆ ಮಾಮ. ತಾಳಿ ಅದರ ಕೈಲೇ ಕಟ್ಟಿಸ್ಕೊಬೇಕಿತ್ತು."

ಅವನು ಮಿಷಿನ್ ನೋಡಿದ, ಮಡಕೆ ನೋಡಿದ.

ಅವಳು ಜಗಳ ಆಡಲಿಲ್ಲ. ಪಟ್ಟಿಯನ್ನು ಬಿಸಿನೀರಲ್ಲಿ ನೆನೆಹಾಕಿ ಗಂಜಿಯೆಲ್ಲ ಹಿಂಡಿ ತೆಗೆದಳು. ಒಣಗಿದ ಮೇಲೆ ಅದು ಹಳೇ ಪಂಚೆಯ ಹಾಗೆ ಮೆತ್ತಗಾಯಿತು. ಅವನ ಹಣೆ, ಮೂಗು ಕಡಲೆಹಿಟ್ಟಲ್ಲಿ ಉಜ್ಜಿ ಎಣ್ಣೆ ತೆಗೆದಳು. ಎರಡು ಬೆರಳು ಹೋಗುವಷ್ಟು ಸಡಿಲಬಿಟ್ಟು ಪಟ್ಟಿ ಕಟ್ಟಿ, ಹಾಡಹಗಲಲ್ಲಿ ಮಗ್ಗದ ಗುಂಡಿಯಲ್ಲಿ ಕೂರಿಸಿದಳು. ತಾನು ರಾಟೆಯ ಮುಂದೆ ಕೂತಳು.

"ಮಾಮ, ನಿಮ್ಗಿಂತ ಮುಂಚೆ ನನ್ನ ನೋಡಕ್ಕೆ ಸೂಲೂರಿಂದ ಒಂದು ಗಂಡು ಬಂದಿತ್ತು. ಹೇಳಿದ್ನಾ?"

ಲಾಳಿ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಅವನು ಕೇಳದ ಒಂದು ಸುದ್ದಿ ಅವನ ಮನೆಯಲ್ಲೇ ಇತ್ತು! ಮಾಸ್ಕಿಗೆ ಕೈ ಹಾಕಿದ.

"ಕಳಚಿದ್ರೆ ಕತೆ ಇಲ್ಲೆ."

ಕೈ ಇಳಿಯಿತು.

"ಮಿಲ್ಲಲ್ಲಿ ಮೇಸ್ತ್ರಿ. ಕೈಗೆ ವಾಚು. ತಲೆ ತುಂಬ ಗುಂಗುರು ಕೂದಲು." ರಾಮಲಿಂಗಂ ತನ್ನ ಬೋಳುತಲೆ ಸವರಿಕೊಂಡ. "ನಮ್ಮಮ್ಮ ಬಾಳೆಕಾಯಿ ಬಜ್ಜಿ ಮಾಡಿದ್ರು. ಏಳು ತಿಂದ್ರು. ಏಳು! ತಿಂದು ಏನಂದ್ರು ಗೊತ್ತಾ?"

"ಏ..." ಬುಸ್ಸ್.

"ಬಾಯಿ ಮುಚ್ಚಿ ಮಾಮ. ಗಾಳಿ ಹೋಗುತ್ತೆ."

ಅವನು ಮುಚ್ಚಿದ. ಅವಳು ಕಂಡಿಕೆ ಸುತ್ತುತ್ತ ಸುತ್ತುತ್ತ, ಏನಂದರು ಎಂಬುದನ್ನು ಬಿಟ್ಟು ಅವರ ಚಪ್ಪಲಿಯ ವಿಷಯಕ್ಕೆ ಹೋದಳು. ಚಪ್ಪಲಿಯಿಂದ ಅವರ ಅಕ್ಕನಿಗೆ, ಅಕ್ಕನಿಂದ ಅಕ್ಕನ ಎಮ್ಮೆಗೆ. ಆಹಾ, ಮಾತಾಡುವುದು ಇಷ್ಟು ರುಚಿಯೇ? ಇವನು ಇಷ್ಟು ದಿನ ಒಬ್ಬನೇ ತಿಂದುಬಿಟ್ಟನಲ್ಲ! ನಡುವೆ ಬೇಕೆಂದೇ ಅವನ ತಂಗಿ ಸೆಲ್ಲಮ್ಮನನ್ನು ಎಳೆದು ತಂದು, ಅವಳು ದೀಪಾವಳಿಗೆ ಬಂದಾಗ ಒಯ್ದ ಹಿತ್ತಾಳೆ ಚೊಂಬಿನ ಮಾತೂ ಆಡಿದಳು. ಅವನ ಕಣ್ಣು ಕೆಂಪಾಯಿತು. ಮೂಗಿನಲ್ಲಿ ಗಾಳಿ, ಬಾಯಿಗೆ ಬೀಗ. ಏನು ಮಾಡಿಯಾನು?

ಎಮ್ಮೆ ಎರಡನೇ ಕರು ಹಾಕುವಷ್ಟರಲ್ಲಿ ಅವನು ಮಗ್ಗದ ಮರಕ್ಕೆ ಒರಗಿ ಮಲಗಿದ್ದ. ಬಾಯಿ ಮುಚ್ಚಿತ್ತು. ಉಸಿರು ಒಂದೇ ಹದದಲ್ಲಿ ಹೋಗಿ ಬರುತ್ತಿತ್ತು. ಅವಳು ದನಿ ತಗ್ಗಿಸಲಿಲ್ಲ, ನಿಲ್ಲಿಸಿದರೆ ಎಚ್ಚರವಾದೀತು ಎಂದು ಕರುವಿಗೆ ಹೆಸರಿಟ್ಟಳು.

ಆಮೇಲೆ ಹನ್ನೊಂದು ರಾತ್ರಿಯೂ ಹೀಗೇ. ಚಾಪೆ ಹಾಸಿ ಮಾಸ್ಕ್ ಕಟ್ಟಿದ ಕೂಡಲೇ ಅವನು ಅವಳತ್ತ ತಿರುಗಿ ಕೈ ಆಡಿಸುವನು: ಶುರು ಮಾಡು. ಅವಳು ಶುರು ಮಾಡುವಳು. ಮೇಸ್ತ್ರಿ ಏನಂದ ಎಂಬುದರ ಹತ್ತಿರ ಬರುವಷ್ಟರಲ್ಲಿ ಅವನು ಮಲಗಿರುವನು. ಬೆಳಿಗ್ಗೆ ಮಾಸ್ಕ್ ತೆಗೆದ ಕೂಡಲೇ, "ಏನಂದ ಅವ್ನು?" ಎಂದು ಜಗಳ. "ರಾತ್ರಿ ಹೇಳಿದ್ನಲ್ಲ, ನೀವೇ ನಿದ್ದೆ ಮಾಡ್ಬುಟ್ರಿ" ಎಂದು ಅವಳು ಒಲೆಯತ್ತ ಹೋಗುವಳು. ಸೆರಗಿನ ನವಿಲಿಗೆಲ್ಲ ತಲೆ ಬಂತು.

ಇಪ್ಪತ್ತು ರಾತ್ರಿ ಕಳೆದ ಮೇಲೆ ಕೋಯಮತ್ತೂರಿಗೆ ಹೋದರು. ಡಾಕ್ಟರು ಮಿಷಿನ್ ತಿರುಗಿಸಿ ಮೀಟರ್ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇನ್ನೂರ ಹನ್ನೆರಡು! ದಿನಕ್ಕೆ ಹತ್ತೂವರೆ ಗಂಟೆ ನಿದ್ದೆಯಾ? ನೇಯ್ದಿದ್ದು ಯಾವಾಗ?"

ರಾಮಲಿಂಗಂ ಗಂಟಲು ಸರಿಮಾಡಿಕೊಂಡ. ದೊಡ್ಡ ಸುಳ್ಳೊಂದು ಹೊರಡುವ ಸದ್ದು ಅದು, ನಾಚಿಯಮ್ಮನಿಗೆ ಗೊತ್ತು. ಅವಳು ನಡುವೆ ಬಂದಳು.

"ಅದರಲ್ಲಿ ಆರು ದಿನ ಮಡಕೆ ಮಲಗಿತ್ತುಂಗ, ಡಾಕ್ಟ್ರೇ."

ಎಲ್ಲವನ್ನೂ ಹೇಳಿದಳು. ಗಂಜಿಯನ್ನೂ ಬಿಡಲಿಲ್ಲ. ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಕಳೆದು ನೋಡಿದರು.

"ಮಡಕೆಯದು ದಿನಕ್ಕೆ ಇಪ್ಪತ್ತೆರಡು ಗಂಟೆ ಬಿಟ್ಟರೆ ಎಂಬತ್ತು. ನಾನು ಹೇಳಿದ್ದು ನೂರು. ಈ ಎಂಬತ್ತಾದರೂ ನಿಜ ಅಂತ ಹೇಗೆ ನಂಬಲಿ? ಕಿಣತ್ತುಕಡವಿನವರಿಗೆ ಏನು ಹೇಳಲಿ?"

ನಾಚಿಯಮ್ಮ ಮಿಷಿನ್ ಮೇಲೆ ಕೈ ಇಟ್ಟಳು. ತೆಗೆಯಲಿಲ್ಲ. "ಇಲ್ಲೇ ಮಲಗಿಸಿ ನೋಡಿ. ಮಲಗದಿದ್ರೆ ಕೊಟ್ಟುಬುಡಿ ಅವ್ರಿಗೆ."

ಹಗಲು ಹನ್ನೆರಡು ಗಂಟೆ. ಕಬ್ಬಿಣದ ಮಂಚ, ಡಾಕ್ಟರು ಒಂದು ಕಡೆ, ನರ್ಸು ಸಾಂತಿ ಒಂದು ಕಡೆ. ರಾಮಲಿಂಗಂ ಮಾಸ್ಕ್ ಕಟ್ಟಿಕೊಂಡು ಮಲಗಿದ. ಹತ್ತು ನಿಮಿಷ. ಫ್ಯಾನು ನೋಡಿದ. ಗೋಡೆ ನೋಡಿದ. ಹೆದರಿದ್ದ, ನಿದ್ದೆ ಎಲ್ಲಿಂದ ಬರಬೇಕು? ಡಾಕ್ಟರು ವಾಚು ನೋಡಿಕೊಂಡರು. ಅವನು ಹೆಂಡತಿಯತ್ತ ತಿರುಗಿ ಮೆಲ್ಲಗೆ ಕೈ ಆಡಿಸಿದ.

ಇಷ್ಟು ಜನರ ಮುಂದೆಯಾ? ನಾಚಿಯಮ್ಮನ ಮುಖ ಬಿಸಿಯಾಯಿತು. ಆದರೂ ಸ್ಟೂಲು ಎಳೆದುಕೊಂಡಳು.

"ಸೂಲೂರು ಮೇಸ್ತ್ರಿ ಬಜ್ಜಿ ತಿಂದ್ರಲ್ಲ ಮಾಮ, ಆವಾಗ ನಮ್ಮಪ್ಪ ನನ್ನ ಕರೆದ್ರು. ನಾನು ನೀಲಿ ಸೀರೆ ಉಟ್ಟಿದ್ದೆ. ಅವ್ರು ನೀರು ಕೇಳಿದ್ರು. ಕೊಟ್ಟೆ. ಕುಡಿದು ಚೊಂಬು ನೋಡಿದ್ರು, ನನ್ನ ನೋಡಿದ್ರು..."

ಬಾವಿ ಬಂತು, ಹಗ್ಗ ಬಂತು, ಆ ಅಕ್ಕನ ಎಮ್ಮೆಯೂ ಬಂತು. ರಾಮಲಿಂಗನ ರೆಪ್ಪೆ ಮುಚ್ಚಿತು. ಮುಷ್ಟಿ ಬಿಚ್ಚಿಕೊಂಡಿತು. ಅವಳು ಇನ್ನೂ ಸ್ವಲ್ಪ ಹೊತ್ತು ಹೇಳಿ, ನಿಲ್ಲಿಸಿದಳು.

ಸಾಂತಿ ಸತ್ಯಮಂಗಲದ ಕಡೆಯವಳು, ಅವಳಿಗೆ ಕನ್ನಡ ಬರುತ್ತಿತ್ತು. ಹತ್ತಿರ ಬಂದು ಪಿಸುಗುಟ್ಟಿದಳು, "ಕೊನೆಗೆ ಮೇಸ್ತ್ರಿ ಏನಂದ್ರಕ್ಕಾ?"

"ಯಾವ ಮೇಸ್ತ್ರಿ? ನಾನು ಸೂಲೂರನ್ನೇ ನೋಡಿಲ್ಲೆ ಕಣಮ್ಮ."

ಸಾಂತಿ ಬಾಯಿಗೆ ಸೆರಗು ಅಡ್ಡ ಹಿಡಿದು ಹೊರಗೆ ಓಡಿದಳು.

ಡಾಕ್ಟರು ಮಂಚದ ಪಕ್ಕ ನಿಂತು ಎದೆ ಏರಿಳಿಯುವುದನ್ನು ನೋಡಿದರು. ನಾಚಿಯಮ್ಮನೂ ನೋಡಿದಳು. ಉಸಿರು ನಿಲ್ಲುವ ಜಾಗಕ್ಕಾಗಿ ಕಾದಳು. ಅದು ಬರಲಿಲ್ಲ. ಅರ್ಧ ಗಂಟೆಯಾದರೂ ಬರಲಿಲ್ಲ.

"ತಗೊಂಡು ಹೋಗಿ ಅಮ್ಮ. ಮಂಡಿಯವರಿಗೆ ಇನ್ನೊಂದು ತರಿಸ್ತೀನಿ" ಎಂದರು ಡಾಕ್ಟರು. "ಎಬ್ಬಿಸಿ, ಮೂರು ಗಂಟೆ ಬಸ್ಸಿಗೆ ಸರಿಹೋಗುತ್ತೆ."

"ಬಸ್ಸು ಹೋದ್ರೆ ಹೋಗ್ಲಿ" ಎಂದಳು ನಾಚಿಯಮ್ಮ. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಳು.